ಗಾಲಿಯ ಮನೆಯಲ್ಲಿ ಎರಡು ಕೊಡ ನೀರು

ಸೋನ್ಯಾಳದ ಹೊರಗಿನ ಹೊಲವೊಂದರಲ್ಲಿ, ಹಳೆಯ ಬೇವಿನ ಮರದ ಕೆಳಗೆ ನಮ್ಮ ವಾಹನ ನಿಂತಾಗ ರಾತ್ರಿ ಒಂಬತ್ತು ದಾಟಿತ್ತು. ಶಿವರಾತ್ರಿ ಮುಗಿದು ನಾಲ್ಕು ದಿನಗಳಾಗಿದ್ದವು. ಎಳೆಯ ಚಂದ್ರ ಆಗಲೇ ಮುಳುಗಿದ್ದ. ಹಿಂಗಾರಿ ಜೋಳ ಕೊಯ್ದ ಹೊಲದಲ್ಲಿ ಕೂಳೆಗಳು ಮಾತ್ರ ಉಳಿದಿದ್ದು, ದೂರದಲ್ಲಿ ಕಣಿಕೆಯ ಬಣವಿಗಳು ಕತ್ತಲೆಗಿಂತಲೂ ಕಪ್ಪಾಗಿ ಕಾಣುತ್ತಿದ್ದವು. ಹೊಲ ನಮ್ಮ ಬಂಧುಗಳದು. ಅವರೀಗ ಸಾಂಗಲಿಯಲ್ಲಿ ನೆಲೆಸಿದ್ದಾರೆ. ಎರಡು ರಾತ್ರಿ ಅಲ್ಲಿ ತಂಗಲು ಅವರ ಒಪ್ಪಿಗೆಯನ್ನು ಮೊದಲೇ ಪಡೆದಿದ್ದೆವು.

ವಾಹನವೆಂದರೆ ಬರಿಯ ವಾಹನವಲ್ಲ. ಪುಣೆಯಲ್ಲಿರುವ ನನ್ನ ಸೋದರಳಿಯ ಒಂದು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದು ತಂದಿದ್ದ ಗಾಲಿಯ ಮನೆ. ಟೆಂಪೋ ಟ್ರಾವೆಲರ್ ಗಾಡಿಯ ಆಸನಗಳನ್ನು ಕಿತ್ತುಹಾಕಿ ಒಳಗೆ ಮಂಚ, ಒಲೆ, ಪುಟ್ಟ ಶೀತಪೆಟ್ಟಿಗೆ, ಕೈತೊಳೆಯುವ ತೊಟ್ಟಿ, ಮೂಲೆಯಲ್ಲಿ ನಿಂತು ಸ್ನಾನಮಾಡುವಷ್ಟೇ ಜಾಗದ ಬಚ್ಚಲು, ಎಲ್ಲವನ್ನೂ ಕೂಡಿಸಿದ್ದರು. ಅಳಿಯ, ಅವನ ಹೆಂಡತಿ, ಎರಡು ಮಕ್ಕಳು, ನಾನು ಮತ್ತು ನಮ್ಮ ಮನೆಯವರು, ಹೀಗೆ ಆರು ಜನ ಅದರಲ್ಲಿ ಹೇಗೋ ಹಿಡಿಸಿದ್ದೆವು. ಅಮೆರಿಕದಲ್ಲಿ ನೆಲೆಸಿದ ನಮ್ಮವರು ಬೇಸಿಗೆಯ ರಜೆಯಲ್ಲಿ ಇಂಥ ಗಾಡಿಗಳನ್ನು ಹಿಡಿದು ವಾರಗಟ್ಟಲೆ ಅಲೆಯುವುದನ್ನು ಕೇಳಿದ್ದೇವೆ. ಅಲ್ಲಿ ಅವನ್ನು ಆರ್.ವಿ. ಎನ್ನುತ್ತಾರೆ. ಮಹಾರಾಷ್ಟ್ರ ಸರಕಾರವೂ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮದ ಧೋರಣೆಯನ್ನು ಒಪ್ಪಿಕೊಂಡಿತು. ಗಾಡಿಗಳು ತಂಗಲು ನೀರು, ವಿದ್ಯುತ್ತುಗಳುಳ್ಳ ತಾಣಗಳು ಬೇಕೆಂಬುದು ಆ ಧೋರಣೆಯಲ್ಲಿಯೇ ಇದೆ. ಗಾಲಿಯ ಮನೆ ಎಲ್ಲಿಗಾದರೂ ಹೋಗಬಲ್ಲದು, ಆದರೆ ಸಂಜೆಗೆ ಒಂದು ನಲ್ಲಿಯ ಹತ್ತಿರ ಬಂದು ನಿಲ್ಲಲೇಬೇಕು. ಈ ಸಂಗತಿ ನಮಗೆ ಮರುದಿನ ಬೆಳಿಗ್ಗೆ ಹೊಳೆಯಿತು.

ಗಾಡಿಯ ತೊಟ್ಟಿಯಲ್ಲಿ 100 ಲೀಟರ್ ನೀರು ಹಿಡಿಯುತ್ತದೆ. ಹಿಂದಿನ ಸಂಜೆ ಜತ್ತದಾಚೆ ದಾರಿಯ ಬದಿಗೆ ನಿಲ್ಲಿಸಿದಾಗ ಮಕ್ಕಳಿಬ್ಬರೂ ಓಡುವ ಮನೆಯಲ್ಲಿ ಸ್ನಾನ ಮಾಡುವ ಸಂಭ್ರಮದಲ್ಲಿ ಒಬ್ಬರಾದ ಮೇಲೊಬ್ಬರು ಬಚ್ಚಲು ಹೊಕ್ಕು, ಬಿಸಿಲಿನ ಧಗೆ ಇಳಿಯುವವರೆಗೆ ನೀರು ಸುರಿದುಕೊಂಡಿದ್ದರು. ಊರು ಸೇರಿದ ಮೇಲೆ ತುಂಬಿಸಿದರಾಯಿತೆಂದು ನಾವೂ ಸುಮ್ಮನಿದ್ದೆವು. ಬೆಳಿಗ್ಗೆ ಚಹಾಕ್ಕೆ ನೀರು ತಿರುವಿದರೆ ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಅಳಿಯ ಎರಡು ಖಾಲಿ ಕ್ಯಾನು ಹಿಡಿದು ಹೊರಟ. ಜೊತೆಗೆ ನಾನೂ ಹೊರಟೆ. ಹೊಲದ ಬಾವಿಯಲ್ಲಿ ಇಣುಕಿದೆವು. ತಳದಲ್ಲಿ ಒಣಗಿದ ಪಾಚಿ, ಒಂದು ಹರಿದ ಚಪ್ಪಲಿ, ಮೇಲಿನ ಬದಿಯಲ್ಲಿ ಪಾರಿವಾಳದ ಗೂಡು. ಬದುವಿನ ಆಚೆ ನಾಲ್ಕು ಮನೆಗಳ ವಸ್ತಿ. ಮೊದಲನೆಯ ಮನೆಯ ಅಂಗಳದಲ್ಲಿ ನೀಲಿ ಬ್ಯಾರಲ್ಲುಗಳು ಸಾಲಾಗಿ ನಿಂತಿದ್ದವು. ಹಟ್ಟಿ ಗುಡಿಸುತ್ತಿದ್ದ ಮುದುಕಿ ತಲೆಯೆತ್ತಿ ನೋಡಿದಳು.

“ಯಾಕ ತಮ್ಮಾ, ಖಾಲಿ ಡಬ್ಬಿ ಹಿಡ್ಕೊಂಡ ಅಡ್ಡಾಡಾಕತ್ತಿ?”

ಅಳಿಯ ಹೇಳಿದ. ಅವನ ಕನ್ನಡಕ್ಕೆ ಪುಣೆಯ ಗಾಳಿ ತಾಕಿದೆ. ಆದರೂ ಅಜ್ಜಿಯ ಮುಂದೆ ಅದು ತಾನಾಗಿಯೇ ತಿದ್ದಿಕೊಂಡಿತು. ಎಷ್ಟು ನೀರು ಬೇಕೆಂದು ಅವಳು ಕೇಳಿದಳು. ತೊಟ್ಟಿಯ ಲೆಕ್ಕವನ್ನು ಇವನು ಹೇಳಿದ. ಅವಳು ಮನಸ್ಸಿನಲ್ಲಿಯೇ ಎಣಿಸಿಕೊಂಡು, “ಅಂದ್ರ ಏಳು ಕೊಡ ಆತಲ್ಲೋ ಯಪ್ಪಾ. ನಾ ಮತ್ತ ನನ್ನ ಮೊಮ್ಮಗಳು ಎರಡ ದಿನ ತಗೀತೇವಿ ಅಷ್ಟರಾಗ” ಎಂದಳು. ಆ ಮಾತಿನಲ್ಲಿ ಬೈಗುಳವಿರಲಿಲ್ಲ, ಲೆಕ್ಕವಿತ್ತು. ವಸ್ತಿಯ ಬೋರಿನಲ್ಲಿ ಬೆಳಗಿನ ಜಾವ ಅರ್ಧ ತಾಸು ನೀರು ಬರುತ್ತದೆ, ಆಮೇಲೆ ಬರಿಯ ಗಾಳಿ. ಟ್ಯಾಂಕರು ಮರುದಿನ ಬರುವುದಿತ್ತು. ಆದರೂ ಅವಳು ಒಳಗಿನಿಂದ ಎರಡು ಹಿತ್ತಾಳೆಯ ಕೊಡಗಳನ್ನು ತಂದು ನಮ್ಮೆದುರಿಗಿಟ್ಟಳು. ಅಂಚಿನವರೆಗೂ ತುಂಬಿದ್ದವು.

ಅಳಿಯ ಕಿಸೆಗೆ ಕೈಹಾಕಿದ. ಅದು ತಪ್ಪೆಂದು ನಾನು ಕಣ್ಣಿನಲ್ಲಿ ಹೇಳುವಷ್ಟರಲ್ಲಿ ಅಜ್ಜಿಯೇ ಅಂದಳು: “ನೀರಿಗ ರೊಕ್ಕ ಇಸ್ಕೊಂಡ್ರ ದಾನಮ್ಮ ಮೆಚ್ಚತಾಳೇನು? ಗುಡ್ಡಾಪುರಕ್ಕ ಹೊಂಟ್ರ ನನ್ನ ಹೆಸರಲೆ ಒಂದ ಕಾಯಿ ಒಡಸ್ರಿ.”

ಗುಡ್ಡಾಪುರಕ್ಕೆ ಹೋಗುವ ವಿಚಾರ ನಮಗೆ ಅಷ್ಟಕ್ಕಷ್ಟೇ ಇತ್ತು. ಬಿಸಿಲು ಏರುವ ಮೊದಲು ಸ್ವಲ್ಪ ಅಲೆದು, ಮಧ್ಯಾಹ್ನ ಬೇವಿನ ನೆರಳಲ್ಲಿ ಮಲಗಿ, ಪುಸ್ತಕ ಓದುವುದೆಂದು ಮಾತಾಗಿತ್ತು. ಅಜ್ಜಿಯ ಕಾಯಿ ದಿನದ ದಾರಿಯನ್ನು ಗೊತ್ತುಮಾಡಿತು.

ಸೋನ್ಯಾಳದ ನೆರೆಯ ಮಾಡಗ್ಯಾಳಕ್ಕೆ ಮೊದಲು ಹೋದೆವು. ಆ ದಿನ ಅಲ್ಲಿ ಸಂತೆ. ಈ ಊರಿನ ಹೆಸರು ದೇಶದಲ್ಲಿ ಹಬ್ಬಿರುವುದು ಮನುಷ್ಯರಿಂದಲ್ಲ, ಕುರಿಗಳಿಂದ. ಮಾಡಗ್ಯಾಳ ತಳಿಯ ಟಗರನ್ನು ಒಮ್ಮೆ ನೋಡಿದವರು ಮರೆಯಲಾರರು: ಎತ್ತರದ ನಿಲುವು, ಬಿಳಿಯ ಮೈಮೇಲೆ ಕಂದು ಮಚ್ಚೆಗಳು, ಜೋಲುವ ಉದ್ದ ಕಿವಿ, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು. ಮೂಗು ಹೆಚ್ಚು ಬಾಗಿದಷ್ಟೂ ಬೆಲೆ ಹೆಚ್ಚು. ಒಳ್ಳೆಯ ಟಗರಿಗೆ ಲಕ್ಷಗಟ್ಟಲೆ ರೂಪಾಯಿ ಕೇಳುವುದುಂಟು. ಈ ತಳಿ ಬೇಗ ಬೆಳೆಯುತ್ತದೆ, ಕೊರಲೆ ಕೂಳೆಗಳನ್ನೇ ಮೇದು ದಿನಕ್ಕೆ ಹರದಾರಿಗಟ್ಟಲೆ ನಡೆಯುತ್ತದೆ. ಮಳೆಯ ನೆರಳಿನ ನಾಡು ತನಗೆ ಬೇಕಾದ ಪ್ರಾಣಿಯನ್ನು ತಾನೇ ಆರಿಸಿಕೊಂಡಿದೆ ಎನ್ನಬಹುದು. ಸಂತೆಯ ಅಂಚಿನಲ್ಲಿ ಇಬ್ಬರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಿದ್ದರು. ಅಳಿಯನ ಮಗ ಅವರ ಮುಖಗಳನ್ನೇ ದಿಟ್ಟಿಸಿ, ಬೆಲೆ ಎಷ್ಟೆಂದು ಊಹಿಸಲು ಹೆಣಗಿ ಸೋತ. ಕನ್ನಡದಲ್ಲಿ ತೊಡಗಿದ ಮಾತು ಮರಾಠಿಗೆ ಹೊರಳಿ, ಜಗಳವಾಗುವ ಹೊತ್ತಿಗೆ ಮತ್ತೆ ಕನ್ನಡಕ್ಕೆ ಬರುತ್ತಿತ್ತು. ಅಂಗಡಿಗಳ ಫಲಕಗಳೆಲ್ಲ ಮರಾಠಿಯವು, ಒಳಗಿನ ತಕ್ಕಡಿಯ ಮಾತು ಕನ್ನಡದ್ದು. ನಮ್ಮ ಓದುಗರಿಗೆ ಇದು ಹೊಸದೇನಲ್ಲ.

ಸಂತೆಯಲ್ಲಿ ನಮ್ಮ ಗಾಡಿಯೂ ಒಂದು ಪ್ರದರ್ಶನವಾಯಿತು. ಹಿರಿಯ ಕುರುಬರೊಬ್ಬರು ಕಂಬಳಿ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು ಒಲೆ, ಹಾಸಿಗೆ, ಪಾತ್ರೆಗಳನ್ನೆಲ್ಲ ನಿಧಾನವಾಗಿ ನೋಡಿ, “ನಮ್ಮ ಕುದರಿ ಮ್ಯಾಲ ಇರೋದ ಎಲ್ಲಾ ಇದರಾಗ ಐತಿ ಬಿಡ್ರಿ. ಮರಿ ಹಾಕಾಕ ಜಾಗಾ ಮಾತ್ರ ಇಲ್ಲ” ಎಂದರು. ನಾವು ನಕ್ಕೆವು, ಆದರೆ ಅವರು ನಗಲು ಹೇಳಿದ್ದಲ್ಲ. ಕುರಿಗಾರರ ಕುಟುಂಬ ಮಳೆಗಾಲದ ನಂತರ ಹೊರಟರೆ ಕುದುರೆಯ ಬೆನ್ನಿಗೆ ಪಾತ್ರೆ, ಕಂಬಳಿ, ಹಿಟ್ಟಿನ ಚೀಲ, ಕೂಸು, ನಡೆಯಲಾರದ ಎಳೆಯ ಮರಿಗಳು, ಎಲ್ಲವೂ ಏರುತ್ತವೆ. ರಾತ್ರಿ ಯಾರದೋ ಹೊಲದಲ್ಲಿ ಕುರಿ ನಿಲ್ಲಿಸಿದರೆ ಆ ಹೊಲಕ್ಕೆ ಗೊಬ್ಬರ, ಇವರಿಗೆ ಕಾಳು ಅಥವಾ ಹಣ. ಎಷ್ಟು ದೂರ, ಯಾವ ದಾರಿ ಎಂಬುದನ್ನು ನೀರಿನ ತಾಣಗಳು ನಿರ್ಧರಿಸುತ್ತವೆ. ನಾವು ಹೊಸದೆಂದು ಬಾಡಿಗೆ ತೆತ್ತು ತಂದ ಬದುಕು ಅವರಿಗೆ ತಲೆತಲಾಂತರದ್ದು. ದೀಪಾವಳಿಯಲ್ಲಿ ಹುಲಜಂತಿಯ ಮಾಳಿಂಗರಾಯನ ಜಾತ್ರೆಗೆ ಡೊಳ್ಳು ಹೊತ್ತು ಸೇರುವವರೂ ಇವರೇ.

ಮಾಡಗ್ಯಾಳದಿಂದ ಹೊರಟ ಮೇಲೆ ದಾರಿಯ ಪಕ್ಕದಲ್ಲಿ ಉದ್ದಕ್ಕೆ ಬಲೆ ಕಟ್ಟಿದ ಚಪ್ಪರಗಳು ಕಂಡವು. ಒಣದ್ರಾಕ್ಷಿಯ ಶೆಡ್ಡುಗಳು, ಸಾಂಗಲಿ ಕಡೆಯವರು ಅದಕ್ಕೆ ಬೇದಾಣಾ ಎನ್ನುತ್ತಾರೆ. ನಮ್ಮ ಮನೆಯವರಿಗೆ ನೋಡಬೇಕೆನಿಸಿತು, ನಿಂತೆವು. ಕೊಯ್ದ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೋನೇಟು ಮತ್ತು ಈಥೈಲ್ ಓಲಿಯೇಟ್ ಎಂಬ ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ, ಒಂದರ ಮೇಲೊಂದರಂತೆ ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಹಣ್ಣಿನ ಮೇಲಿನ ಮೇಣದಂಥ ಪೊರೆ ಆ ದ್ರಾವಣದಿಂದ ಸಡಿಲಗೊಂಡು ಒಳಗಿನ ನೀರು ಬೇಗನೆ ಹೊರಬೀಳುತ್ತದೆ. ಎರಡು ವಾರಗಳ ಆಸುಪಾಸಿನಲ್ಲಿ ಹಣ್ಣು ಒಣಗುತ್ತದೆ. ನಾಲ್ಕು ಕಿಲೋ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿ. ಬೇಸಿಗೆಯ ಅಕಾಲ ಮಳೆ ಬಂದರೆ ಮಾತ್ರ ಎಲ್ಲವೂ ಹಾಳು. ತಾಸಗಾಂವ, ಮಿರಜ ಕಡೆಯ ನೀರಾವರಿಯ ತೋಟಗಳ ಹಣ್ಣು ಕೂಡ ಒಣಗುವುದಕ್ಕೆ ಈ ಒಣಗಾಳಿಯ ಕಡೆಗೆ ಬರುತ್ತದೆ. ಸಾಂಗಲಿಯ ಒಣದ್ರಾಕ್ಷಿಗೆ ಭೌಗೋಳಿಕ ಗುರುತೂ ದೊರೆತಿದೆ. ಮಳೆ ಇಲ್ಲದಿರುವುದೇ ಬಂಡವಾಳವಾಗುವ ಉದ್ಯೋಗ ಈ ಭಾಗದಲ್ಲಿ ಇದೊಂದೇ ಇರಬೇಕು. ಶೆಡ್ಡಿನ ಹೆಣ್ಣುಮಕ್ಕಳು ಮಕ್ಕಳ ಬೊಗಸೆಗೆ ಇನ್ನೂ ಪೂರ್ತಿ ಒಣಗದ, ಹಸಿರು ಮಾಸದ ದ್ರಾಕ್ಷಿಯನ್ನು ಹಾಕಿದರು. ಅಂಟಿದ ಕೈ ತೊಳೆಯಲು ಮಕ್ಕಳು ಗಾಡಿಯ ನಲ್ಲಿಯತ್ತ ಓಡಿದವು. ಅವರ ತಾಯಿ ಒದ್ದೆ ಬಟ್ಟೆಯಿಂದ ಒರೆಸಿದಳು. ಎರಡು ಕೊಡದಲ್ಲಿ ಆಗಲೇ ಅರ್ಧ ಕೊಡ ಚಹಾ, ಅವಲಕ್ಕಿ, ಮುಖಮಜ್ಜನಗಳಿಗೆ ಹೋಗಿತ್ತು.

ಗುಡ್ಡಾಪುರ ಸೇರಿದಾಗ ಬಿಸಿಲು ನೆತ್ತಿಗೇರಿತ್ತು. ಕಾರ್ತೀಕದ ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರ ಜಿಲ್ಲೆಯಿಂದಲೂ ಬೆಳಗಾವಿ ಜಿಲ್ಲೆಯಿಂದಲೂ ಜನ ನಡೆದುಕೊಂಡು ಬರುವ ಊರು ಇದು. ಆ ದಿನ ಜಂಗುಳಿ ಇರಲಿಲ್ಲ. ಹೊಸದಾಗಿ ಮದುವೆಯಾದ ಎರಡು ಜೋಡಿ, ಕೂಸಿನ ಜವಳ ತೆಗೆಸಲು ಬಂದ ಒಂದು ಕುಟುಂಬ, ಮತ್ತು ನಾವು. ಅಜ್ಜಿಯ ಹೆಸರಿನ ಕಾಯಿ ಒಡೆಸಿದೆವು.

ದಾನಮ್ಮ ಹನ್ನೆರಡನೆಯ ಶತಮಾನದ ಶರಣೆ. ಹುಟ್ಟೂರು ಇದೇ ತಾಲೂಕಿನ ಉಮರಾಣಿ, ತಂದೆತಾಯಿ ಇಟ್ಟ ಹೆಸರು ಲಿಂಗಮ್ಮ. ಕೈಗೆ ಬಂದುದನ್ನೆಲ್ಲ ಕೊಟ್ಟುಬಿಡುವ ಗುಣ ಕಂಡು ಬಸವಣ್ಣನವರೇ ದಾನಮ್ಮ ಎಂದು ಕರೆದರೆಂಬುದು ಪರಂಪರೆಯ ಮಾತು. ದಾಸೋಹದ ಪಂಕ್ತಿಯಲ್ಲಿ ಕುಳಿತಾಗ ಮಕ್ಕಳಿಗೆ ಇದನ್ನು ಹೇಳಿದೆ. ಉಮರಾಣಿಗೆ ಇನ್ನೊಂದು ನೆನಪೂ ಉಂಟೆಂದು ಅಳಿಯ ಸೇರಿಸಿದ. 1673ರಲ್ಲಿ ಆದಿಲಶಾಹಿಯ ಸರದಾರ ಬಹಲೋಲಖಾನನ ಸೈನ್ಯವನ್ನು ಶಿವಾಜಿ ಮಹಾರಾಜರ ಸೇನಾಪತಿ ಪ್ರತಾಪರಾವ ಗುಜರ ಅಲ್ಲಿಯೇ ತಡೆದ. ಕತ್ತಿಗಿಂತ ಮೊದಲು ಅವನು ಹಿಡಿದದ್ದು ನೀರಿನ ದಾರಿಯನ್ನು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನೀರು ಕಡಿದುಹೋದ ಸೈನ್ಯ ಶರಣು ಬಂತು. ಪ್ರತಾಪರಾವ ಖಾನನನ್ನು ಹೋಗಗೊಟ್ಟ. ಮಹಾರಾಜರಿಗೆ ಅದು ಸಿಟ್ಟು ತರಿಸಿತು. ಮರುವರ್ಷ ನೇಸರಿಯಲ್ಲಿ ಪ್ರತಾಪರಾವ ಆರು ಜನರೊಡನೆ ಶತ್ರುವಿನ ಮೇಲೆ ನುಗ್ಗಿ ಮಡಿದ ಕಥೆಯನ್ನು ಮರಾಠಿ ಶಾಲೆಯಲ್ಲಿ ಓದಿದ ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ. ಅಳಿಯನ ಮಗಳಿಗೂ ಅದು ಗೊತ್ತಿತ್ತು. ಅವಳಿಗೆ ಗೊತ್ತಿಲ್ಲದ್ದು ದಾನಮ್ಮನ ಕಥೆ. ಒಂದೇ ಊರಿನ ಎರಡು ಕಥೆಗಳಲ್ಲಿ ಒಂದು ಪಠ್ಯದಲ್ಲಿದೆ, ಇನ್ನೊಂದು ಪಂಕ್ತಿಯಲ್ಲಿ ಕುಳಿತ ಅಜ್ಜನಿಂದ ಬರಬೇಕಾಯಿತು. ನಾನು ಪ್ರತಾಪರಾವನನ್ನು ಕಡಿಮೆ ಮಾಡುತ್ತಿಲ್ಲ. ಅವನು ಖಾನನನ್ನು ಬಿಟ್ಟುಕೊಟ್ಟದ್ದು ನೀರಿಲ್ಲದವರ ಮೇಲಿನ ಕರುಣೆಯಿಂದಲೇ ಇರಬಹುದೆಂದು ನನಗೆ ಹಲವು ಸಲ ಅನ್ನಿಸಿದೆ. ಉಮರಾಣಿಗೆ ಹೋಗಬೇಕೆಂಬ ಮಾತೂ ಬಂತು. ಆದರೆ ಅದು ಜತ್ತದ ಆಚೆಯ ಬದಿಗೆ, ಬಿಸಿಲೂ ಬಲವಾಗಿತ್ತು. ಬಿಟ್ಟೆವು.

ಮಧ್ಯಾಹ್ನದ ನಿದ್ದೆಯ ವಿಷಯ ಹೆಚ್ಚು ಬರೆಯುವಂಥದ್ದಿಲ್ಲ. ಬೇವಿನ ನೆರಳು ತಂಪಾಗಿತ್ತು, ಗಾಡಿಯ ಒಳಗೆ ಬೆವರಾಗಿತ್ತು, ಚಾಪೆ ಗೆದ್ದಿತು.

ಇಳಿಹೊತ್ತಿನಲ್ಲಿ ಪ್ರಸಾದ ಕೊಡಲು ಹೋದಾಗ ಅಜ್ಜಿ ನಮ್ಮನ್ನು ಊಟಕ್ಕೆ ಕೂರಿಸಿಯೇಬಿಟ್ಟಳು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ, ಮಜ್ಜಿಗೆ. ಮೊಮ್ಮಗಳು ನಾಲ್ಕನೆಯ ಇಯತ್ತೆಯವಳು, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗೆ ಹೋಗುವವಳು. ಅವಳ ತಂದೆತಾಯಿ ದೀಪಾವಳಿ ಮುಗಿಯುತ್ತಲೇ ಟೈರಿನ ಬಂಡಿ ಹೂಡಿ, ಹಾಸಿಗೆ ಪಾತ್ರೆಗಳನ್ನು ಏರಿಸಿಕೊಂಡು ಕೃಷ್ಣಾತೀರದ ಸಕ್ಕರೆ ಕಾರಖಾನೆಯೊಂದರ ಕಡೆಗೆ ಕಬ್ಬು ಕಡಿಯಲು ಹೋಗಿದ್ದಾರೆ. ಯುಗಾದಿಯ ಹೊತ್ತಿಗೆ ಬರುತ್ತಾರೆ. ಹೋದ ವರ್ಷ ಇವಳನ್ನೂ ಕರೆದೊಯ್ದಿದ್ದರು, ಶಾಲೆ ತಪ್ಪಿತು. ಈ ವರ್ಷ ಅಜ್ಜಿ ಬಿಟ್ಟುಕೊಡಲಿಲ್ಲ.

ಹುಡುಗಿ ನಮ್ಮ ಗಾಡಿಯನ್ನು ಆಗಲೇ ಎರಡು ಸಲ ಒಳಹೊಕ್ಕು ನೋಡಿದ್ದಳು. ಊಟದ ನಡುವೆ ತಟ್ಟನೆ, “ನಮ್ಮಪ್ಪನ ಗಾಡೀನೂ ಹಿಂಗ ಇದ್ದಿದ್ರ ನಾನೂ ಅವ್ವನ ಸಂಗಾಟ ಇರತಿದ್ದೆ” ಎಂದಳು. ಯಾರೂ ಮಾತನಾಡಲಿಲ್ಲ. ಅಜ್ಜಿ ಇನ್ನೊಂದು ರೊಟ್ಟಿಯನ್ನು ಅವಳ ತಾಟಿಗೆ ಹಾಕಿದಳು.

ಆಮೇಲೆ ಅವಳು ತನ್ನ ಪುಸ್ತಕ ತಂದಳು. ಪುಣೆಯ ಬಾಲಭಾರತಿ ಮುದ್ರಿಸುವ ಕನ್ನಡ ಪಠ್ಯ. ಅಳಿಯನ ಮಕ್ಕಳಿಗೆ ಆಶ್ಚರ್ಯ: ತಮ್ಮ ಮರಾಠಿ ಪುಸ್ತಕದ ಮೇಲಿರುವ ಹೆಸರೇ ಇದರ ಮೇಲೂ ಇದೆ, ಅಕ್ಷರ ಮಾತ್ರ ಬೇರೆ. ತಾವು ಇರುವ ಊರಿನಲ್ಲಿಯೇ ಈ ಪುಸ್ತಕ ತಯಾರಾಗುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹುಡುಗಿ ಬೆರಳಿಟ್ಟು ಓದಿಸಿದಳು, ತಪ್ಪಿದಾಗ ಗುರುಗಳ ಹಾಗೆ ಗದರಿದಳು. ಆ ಅರ್ಧ ತಾಸು ನಮ್ಮ ಮನೆಯವರ ಪಾಲಿಗೆ ಇಡೀ ಪ್ರವಾಸದ ಫಲ.

ಕತ್ತಲಾದ ಮೇಲೆ ಪಕ್ಕದ ಮನೆಯ ಕಾಕಾ ಬಂದು ಕಟ್ಟೆಯ ಮೇಲೆ ಕುಳಿತರು. ಜತ್ತದಲ್ಲಿ ಮಾತು ನೀರಿಗೆ ಬರದೆ ಮುಗಿಯುವುದಿಲ್ಲ. 2012ರಲ್ಲಿ ನೀರಿಲ್ಲದೆ ಬೇಸತ್ತು ಇಲ್ಲಿಯ ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಠರಾವು ಮಾಡಿದ್ದು, 2022ರ ನವೆಂಬರಿನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಅದನ್ನು ಎತ್ತಿ ಮಾತನಾಡಿದ್ದು, ಮರುಕ್ಷಣವೇ ಮುಂಬಯಿಯಲ್ಲಿ ಮ್ಹೈಸಾಳ ಏತನೀರಾವರಿಯ ವಿಸ್ತರಣೆಗೆ ಜೀವ ಬಂದದ್ದು, ಅದೇ ದಿನಗಳಲ್ಲಿ ಕರ್ನಾಟಕದ ತುಬಚಿ-ಬಬಲೇಶ್ವರ ಯೋಜನೆಯ ನೀರು ಗಡಿ ದಾಟಿ ತಿಕ್ಕುಂಡಿಯ ಕೆರೆಗೆ ಬಂದದ್ದು, ಎಲ್ಲವನ್ನೂ ಅವರು ಮನೆಯ ಮದುವೆಯ ಸುದ್ದಿಯಂತೆ ಹೇಳಿದರು. “ಇಬ್ಬರೂ ಜಗಳಾಡಿದಾಗ ನಮಗ ನೀರ ಬರತೈತಿ ನೋಡ್ರಿ” ಎಂದು ನಕ್ಕರು.

ಆ ದಿನಗಳಲ್ಲಿ ನಮ್ಮ ಪತ್ರಿಕೆಗಳಲ್ಲಿ ನಾವೆಲ್ಲ ಆ ಠರಾವನ್ನು ಭಾಷೆಯ ಕೂಗೆಂದೇ ಬರೆದೆವು, ನಾನೂ ಬರೆದವನೇ. ಬಾವಿಯ ತಳದ ಆ ಚಪ್ಪಲಿಯನ್ನು ನೋಡಿದ ಮೇಲೆ ಅದನ್ನು ಇನ್ನೊಮ್ಮೆ ಬರೆಯಬೇಕಾದೀತು ಎನ್ನಿಸುತ್ತಿದೆ. ಭಾಷೆಯ ದುಃಖ ಇಲ್ಲವೆಂದಲ್ಲ. ಆದರೆ ಈ ವಸ್ತಿಯಲ್ಲಿ ಕನ್ನಡ ಶಾಲೆಯ ಒಂದು ಮಗು ಕಡಿಮೆಯಾಗುವುದು ಬಂಡಿ ಹೂಡಿದ ದಿನ, ಬಂಡಿ ಹೂಡುವುದು ಬಾವಿ ಬತ್ತಿದ ವರ್ಷ. ಎರಡನ್ನೂ ಬೇರೆ ಬೇರೆ ಅಂಕಣಗಳಲ್ಲಿ ಮುದ್ರಿಸುವ ನಮ್ಮ ರೂಢಿ ಸರಿಯಲ್ಲ.

ಡೋಣಿಯ ಮಾತೂ ಬಂತು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂದು ವಿಜಯಪುರದವರು ಹೆಮ್ಮೆಯಿಂದ ಹೇಳುವ ಆ ನದಿ ಹುಟ್ಟುವುದು ಜತ್ತ ತಾಲೂಕಿನ ಗುಡ್ಡಗಳಲ್ಲಿ. ಇಲ್ಲಿ ಅದು ಹಳ್ಳ, ಮಳೆ ಬಂದ ದಿನ ಮಾತ್ರ ನದಿ. ತಾಳಿಕೋಟೆಯ ಎರೆಭೂಮಿಗೆ ಹೋಗಿ ಅದು ದೊಡ್ಡದಾಗುತ್ತದೆ. “ಹುಟ್ಟಿಸಿದವರು ನಾವು, ಉಣ್ಣೋರು ಅವರು. ಆದರ ಅವರೂ ನಮ್ಮ ಬೀಗರ ಅಲ್ಲೇನ್ರಿ?” ಎಂದರು ಕಾಕಾ. ಅವರ ಇಬ್ಬರು ಹೆಣ್ಣುಮಕ್ಕಳನ್ನು ಕೊಟ್ಟಿರುವುದು ಇಂಡಿ ತಾಲೂಕಿಗೆ.

ಮಲಗುವ ಮೊದಲು ಅಳಿಯನ ಮಗ ಕೊಡಗಳನ್ನು ಅಲುಗಿಸಿ ನೋಡಿದ. ಒಂದು ಖಾಲಿ, ಇನ್ನೊಂದರಲ್ಲಿ ಅರ್ಧ. ಆರು ಜನರಿಗೆ ಒಂದೂವರೆ ಕೊಡ ಸಾಕಾಗಿತ್ತೆಂದು ಅವನೇ ಲೆಕ್ಕ ಹಾಕಿ ಬೀಗಿದ. ದಾಸೋಹದ ನೀರು, ಅಜ್ಜಿಯ ಮಜ್ಜಿಗೆಗಳನ್ನು ಅವನು ಎಣಿಸಿರಲಿಲ್ಲ, ನಾನೂ ನೆನಪಿಸಲಿಲ್ಲ.

ನಸುಕಿನಲ್ಲಿ ಎಚ್ಚರವಾದದ್ದು ಹಾರ್ನಿನ ಸದ್ದಿಗೆ. ವಸ್ತಿಗೆ ಹೋಗುವ ಗಾಡಿಹಾದಿಗೆ ನಮ್ಮ ಮನೆ ಅರ್ಧ ಅಡ್ಡವಾಗಿ ನಿಂತಿತ್ತು, ಆಚೆ ನೀರಿನ ಟ್ಯಾಂಕರು ಕಾಯುತ್ತಿತ್ತು. ಅಳಿಯ ಬರಿಗಾಲಿನಲ್ಲಿಯೇ ಚಾಲಕನ ಸೀಟಿಗೆ ಓಡಿ ಗಾಡಿಯನ್ನು ಹಿಂದಕ್ಕೆ ಸರಿಸಿದ. ಒಳಗೆ ತಾಟು ಲೋಟಗಳು ಗಲಗಲನೆ ಉರುಳಿದವು. ಟ್ಯಾಂಕರಿನ ಚಾಲಕ ಇಳಿದು ನಮ್ಮ ಗಾಡಿಯನ್ನು ಒಂದು ಸುತ್ತು ನೋಡಿ, ನಿಮಗೂ ನೀರು ಬೇಕೆ ಎಂದು ಮರಾಠಿಯಲ್ಲಿ ಕೇಳಿದ. ಜತ್ತದಲ್ಲಿ ತುಂಬಿಸಿಕೊಳ್ಳುತ್ತೇವೆಂದು ಅಳಿಯ ಹೇಳಿದ.

ವಸ್ತಿಯವರೆಲ್ಲ ಆಗಲೇ ಹೊರಗೆ ಬಂದಿದ್ದರು. ಪೈಪಿನ ಬಾಯನ್ನು ಹುಡುಗಿಯೇ ಹಿಡಿದಿದ್ದಳು. ಒಂದು ಹನಿಯೂ ಹೊರಗೆ ಬೀಳದಂತೆ ಬ್ಯಾರಲ್ಲಿನಿಂದ ಬ್ಯಾರಲ್ಲಿಗೆ ಅದನ್ನು ಮಡಚಿ ದಾಟಿಸುವ ಕೈಚಳಕ ಅವಳದು. ನಾವು ಉಳಿದ ಅರ್ಧ ಕೊಡ ನೀರನ್ನು ಬೇವಿನ ಬುಡದ ಒಂದು ಸಸಿಗೆ ಹಾಕಬೇಕೆಂದಿದ್ದೆವು. ಅಜ್ಜಿ ಬೇಡವೆಂದು ಕೈಮಾಡಿ, ಅದನ್ನು ದನದ ಬಾನಿಗೆ ಸುರಿಸಿಕೊಂಡು, ಎರಡೂ ಕೊಡಗಳನ್ನು ಬೂದಿಯಿಂದ ತಿಕ್ಕಿ ಸಾಲಿನ ಕೊನೆಯಲ್ಲಿ ಇಟ್ಟಳು.